ಕಬ್ಬಿನ ಗದ್ದೆಯೊಳಗಿನ ದಾರಿ

ಕಾನೂನು ಓದಲು ಸೇರಿ ಎರಡು ವರ್ಷವಾಗಿದ್ದರೂ ನಾನು ಒಂದು ಕೋರ್ಟನ್ನೂ ಕಣ್ಣಾರೆ ನೋಡಿರಲಿಲ್ಲ. ಬೆಂಗಳೂರಿನ ನಮ್ಮ ವಿಶ್ವವಿದ್ಯಾಲಯಕ್ಕೆ ದೊಡ್ಡ ಹೆಸರಿತ್ತು. ದೇಶದ ಎಲ್ಲ ಕಡೆಯಿಂದ ಪ್ರವೇಶ ಪರೀಕ್ಷೆ ಬರೆದು ಬಂದ ಸಹಪಾಠಿಗಳು ಇಂಗ್ಲೆಂಡಿನ ಹಳೆಯ ತೀರ್ಪುಗಳ ಮೇಲೆ ಗಂಟೆಗಟ್ಟಲೆ ವಾದಿಸುತ್ತಿದ್ದರು. ಕೆ.ಆರ್. ಪೇಟೆಯ ಹೈಸ್ಕೂಲು ಮೇಷ್ಟ್ರ ಮಗಳಾದ ನಾನು ಅವರ ಇಂಗ್ಲಿಷಿಗೆ ಹೆದರಿ ಹಿಂದೆ ಕೂರುತ್ತಿದ್ದೆ. ಆದರೆ ಇದೆಲ್ಲ ನಮ್ಮ ಕಡೆ ಹೇಗೆ ನಡೆಯುತ್ತದೆ ಎಂಬ ಕುತೂಹಲ ಮಾತ್ರ ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜದಲ್ಲಿ ಅಪ್ಪ ನನ್ನನ್ನು ಪಾಂಡವಪುರದ ಒಬ್ಬ ಹಿರಿಯ ವಕೀಲರ ಬಳಿ ಬಿಟ್ಟರು. ಅವರು ಅಪ್ಪನ ಜೊತೆ ಓದಿದವರು. ಈ ಸಲ ಏನು ಓದಿದೆಯಮ್ಮ ಎಂದು ಕೇಳಿದರು. ಆಸ್ತಿ ಕಾನೂನು ಎಂದೆ. ಹಾಗಾದರೆ ಇದು ನೋಡು ಎಂದು ಒಂದು ಕಡತ ಕೊಟ್ಟರು.

ಮೇಲುಕೋಟೆ ರಸ್ತೆಯ ಹಳ್ಳಿಯೊಂದರ ಅಜ್ಜಿ ಇವರ ಮೂಲಕ ಹಾಕಿದ ದಾವೆ ಅದು. ಆಕೆ ತನ್ನ ಹೊಲಕ್ಕೆ ಪಕ್ಕದವರ ಕಬ್ಬಿನ ಗದ್ದೆ ದಾಟಿಯೇ ಹೋಗಬೇಕು. ಮದುವೆಯಾಗಿ ಬಂದಾಗಿನಿಂದ ನಡೆದ ದಾರಿಗೆ ಪಕ್ಕದವರು ಈಗ ಮುಳ್ಳುಬೇಲಿ ಹಾಕಿದ್ದರು. ನಿಯಮ ನನಗೆ ಬಾಯಿಪಾಠವಾಗಿತ್ತು: ಇಪ್ಪತ್ತು ವರ್ಷ, ಎಲ್ಲರ ಕಣ್ಣೆದುರೇ, ತನ್ನ ಹಕ್ಕೆಂದೇ ಓಡಾಡಿದರೆ ದಾರಿ ಸಿಗುತ್ತದೆ. ಅಪ್ಪಣೆ ಕೇಳಿ ಓಡಾಡಿದ್ದರೆ ಸಿಗುವುದಿಲ್ಲ.

ಅಜ್ಜಿ ಸಾಕ್ಷಿ ಹೇಳುವ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎದುರು ಪಕ್ಷದ ವಕೀಲರು ಪಾಟಿ ಸವಾಲಿಗೆ ಎದ್ದರು. ದನಿ ಏರಿಸಲಿಲ್ಲ. ಬಹಳ ಗೌರವದಿಂದ ಕೇಳಿದರು: "ನೀವು ದೊಡ್ಡೋರು, ಮರ್ಯಾದೆ ಗೊತ್ತಿರೋರು. ಅವರ ಗದ್ದೆ ದಾಟುವಾಗ ಒಂದು ಮಾತು ಕೇಳಿಯೇ ಹೋಗ್ತಿದ್ರಿ, ಅಲ್ವಾ ಅಜ್ಜಿ?"

"ಊಂ ಮತ್ತೆ. ಏಳ್ದೆ ಕೇಳ್ದೆ ಓಗಕ್ಕೆ ನಾನೇನು ಕಳ್ಳಿಯಾ?"

ಪ್ರತಿವಾದಿಯನ್ನು ಕೇಳಿಯೇ ಓಡಾಡುತ್ತಿದ್ದೆ ಎಂದರೆ ಸರಿ, ಎಂದು ನ್ಯಾಯಾಧೀಶರು ಹೇಳಿ ಬರೆಸಿದರು. ಟೈಪ್‌ರೈಟರು ಟಕಟಕನೆ ಅದನ್ನು ಹೊಡೆಯಿತು. ಆ ಒಂದು ಸಾಲಿಗೆ ದಾರಿ ಕೈತಪ್ಪಿತು ಎಂದುಕೊಂಡೆ. ಅಜ್ಜಿಗೆ ಏನೂ ಗೊತ್ತಾಗಲಿಲ್ಲ. ಸರಿಯಾಗಿ ಉತ್ತರ ಕೊಟ್ಟೆನೆಂಬ ನೆಮ್ಮದಿಯಿಂದ ಸೆರಗು ಸರಿಮಾಡಿಕೊಂಡಳು.

ಅಷ್ಟಕ್ಕೆ ಊಟದ ಬಿಡುವಾಯಿತು. ಅಜ್ಜಿ ಹೊಂಗೆ ಮರದ ಕೆಳಗೆ ಒಬ್ಬಳೇ ಕೂತಿದ್ದಳು. ಹೋಗಿ ಮಾತಾಡಿಸಲೇ ಎಂದು ವಕೀಲರನ್ನು ಕೇಳಿದೆ. ಸಾಕ್ಷಿ ಅರ್ಧದಲ್ಲಿರುವಾಗ ಅವಳ ಬಳಿ ಕೇಸಿನ ಮಾತು ಆಡಬಾರದು ಎಂದು ತಡೆದರು. ಅವರಿಗೂ ಊಟ ರುಚಿಸುತ್ತಿರಲಿಲ್ಲ.

ನನಗೆ ಅಕ್ಕಿಹೆಬ್ಬಾಳಿನ ನನ್ನ ಅಜ್ಜಿ ನೆನಪಾದಳು. ಚಿಕ್ಕವಳಿದ್ದಾಗ ಅವಳ ಹಿಂದೆ ಹೊಳೆಯ ಕಡೆ ಹೋಗುತ್ತಿದ್ದೆ. ಯಾರ ಗದ್ದೆ ದಾಟಿದರೂ ಅವಳು ಒಂದು ಕೂಗು ಹಾಕುತ್ತಿದ್ದಳು. ಗದ್ದೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಕೂಗುತ್ತಿದ್ದಳು. ಉತ್ತರಕ್ಕೆ ಒಮ್ಮೆಯೂ ನಿಂತಿದ್ದಿಲ್ಲ.

ವಕೀಲರಿಗೆ ಇದನ್ನು ಹೇಳಿದೆ. "ಅದು ಅಪ್ಪಣೆ ಕೇಳೋದಲ್ಲ ಸಾರ್. ಬರ್ತಾ ಇದೀನಿ ಅಂತ ತಿಳಿಸೋದು."

ಅವರ ಕೈ ತಟ್ಟೆಯಲ್ಲೇ ನಿಂತಿತು. "ಅಜ್ಜಿ ಏನಂತ ಕೇಳ್ತಿದ್ಲು ಅಂತ ಯಾರೂ ಕೇಳಲೇ ಇಲ್ಲ," ಎಂದರು.

ಮಧ್ಯಾಹ್ನ ಪಾಟಿ ಸವಾಲು ಮುಗಿದ ಮೇಲೆ ನಮ್ಮ ವಕೀಲರು ಮರುವಿಚಾರಣೆಗೆ ಎದ್ದು ಮೊದಲು ಕೇಳಿದ್ದು ಅದನ್ನೇ. ಏನು ಮಾತು ಆಡುತ್ತಿದ್ದಿರಿ?

"ಓಯ್ತಾ ಇವ್ನಿ ಕಣಪ್ಪೋ ಅಂತಿದ್ದೆ."

ಗದ್ದೆಯಲ್ಲಿ ಅವರು ಇಲ್ಲದಿದ್ದರೆ?

"ಇಲ್ದಿದ್ರೂ ಅಂತಿದ್ದೆ. ಕಬ್ಬು ಆಳೆತ್ತರ ಬಂದಿರ್ತದೆ. ಒಳಗೆ ಯಾರವ್ರೋ, ಎಂಗಸ್ರು ಮರೆಗೆ ಕೂತವ್ರೋ, ಯಾರಿಗೆ ಗೊತ್ತು? ಸದ್ದು ಮಾಡ್ಬೇಕು."

ಅವರು ಬೇಡವೆಂದಿದ್ದರೆ ಏನು ಮಾಡುತ್ತಿದ್ದಿರಿ?

ಅಜ್ಜಿ ವಕೀಲರನ್ನೇ ಅನುಮಾನದಿಂದ ನೋಡಿದಳು. "ಯಾಕೆ ಬ್ಯಾಡ ಅಂತಾರೆ? ನಾನೇನು ದಾರಿ ಕೊಡಿ ಅಂದ್ನಾ? ದಾರಿ ನಂದೇ ಅಲ್ವಾ?"

ನ್ಯಾಯಾಧೀಶರು ತಲೆಯೆತ್ತಿದರು. ಇನ್ನೊಮ್ಮೆ ಹೇಳಿಸಿ, ಆಕೆಯ ಮಾತಿನಲ್ಲೇ ಬರೆಸಿದರು. ನನ್ನ ಮುಂದಿನ ಬೆಂಚಿನಲ್ಲಿ ಬೇಲಿ ಹಾಕಿದ ಪಕ್ಕದ ಗದ್ದೆಯವನೇ ಕೂತಿದ್ದ. ಅಜ್ಜಿ ಮರೆಯ ಮಾತು ಹೇಳುವಾಗ ಅವನು ತನಗರಿವಿಲ್ಲದೆ ಹೌದೆಂಬಂತೆ ತಲೆಯಾಡಿಸಿದ್ದನ್ನು ನಾನು ಕಂಡೆ.

ತೀರ್ಪು ಬರುವಷ್ಟರಲ್ಲಿ ನನ್ನ ರಜ ಮುಗಿದಿತ್ತು. ಕೆಲವು ತಿಂಗಳ ನಂತರ ಹಾಸ್ಟೆಲಿಗೆ ವಕೀಲರ ಇನ್‌ಲ್ಯಾಂಡ್ ಪತ್ರ ಬಂತು. ಅಜ್ಜಿಗೆ ದಾರಿ ಸಿಕ್ಕಿತ್ತು. ಎದುರಿನವನು ಅಪೀಲು ಹೋಗಲಿಲ್ಲ, ತಾನೇ ಮುಳ್ಳು ಕಿತ್ತು ಹಾಕಿದನಂತೆ.

ಅಜ್ಜಿಯ ಕೂಗಿನ ವಿಷಯವನ್ನು ಆ ವರ್ಷದ ನನ್ನ ಪ್ರಬಂಧದಲ್ಲಿ ಬರೆದೆ. ಪ್ರೊಫೆಸರು ಪಕ್ಕದಲ್ಲಿ ಕೆಂಪು ಶಾಯಿಯಿಂದ, ಇದಕ್ಕೆ ಆಧಾರ ಯಾವ ಪುಸ್ತಕ ಎಂದು ಬರೆದಿದ್ದರು. ಅವರ ಕೋಣೆಗೆ ಹೋಗಿ, ತಡವರಿಸುತ್ತಲೇ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಪೂರ್ತಿ ಕೇಳಿದರು. ಕಾನೂನು ಒಂದು ಅರ್ಥದಲ್ಲಿ, ಜನ ಇನ್ನೊಂದು ಅರ್ಥದಲ್ಲಿ ಆಡುವ ಇಂಥ ಮಾತು ಇನ್ನೆಷ್ಟಿವೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ಅದನ್ನು ಅವರು ಒಪ್ಪಿಕೊಂಡದ್ದು ನನಗೆ ಸೋಜಿಗವೆನಿಸಿತು. ಆಮೇಲೆ ನಾನು ತರಗತಿಯಲ್ಲಿ ಮುಂದೆ ಕೂರತೊಡಗಿದೆ.

ಮುಂದಿನ ರಜಕ್ಕೆ ಪಾಂಡವಪುರದ ವಕೀಲರಿಂದ ಒಂದು ಚೀಟಿ ಬರೆಸಿಕೊಂಡು ನಾಗಮಂಗಲದ ಕೋರ್ಟಿಗೆ ಹೋದೆ. ಮೊದಲ ದಿನವೇ ಅಣ್ಣತಮ್ಮಂದಿರಿಬ್ಬರು ಬದುವಿನ ಮೇಲಿನ ಹುಣಸೆಮರ ಯಾರದೆಂದು ವಾದಕ್ಕೆ ನಿಂತಿದ್ದರು. ಇಂಥ ಮಾತುಗಳಿಗೆಂದೇ ಇಟ್ಟುಕೊಂಡಿದ್ದ ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿದೆ.