ಹದಿನೆಂಟು ಕಂಪ್ಯೂಟರ್‌ಗೆ ಒಂದೇ ಸಿ.ಡಿ.

ಆ ಸಿ.ಡಿ.ಯನ್ನು ಆಫೀಸಿನ ಹದಿನೆಂಟೂ ಕಂಪ್ಯೂಟರ್‌ಗಳಿಗೆ ಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಾಗ, ಏನೂ ಅರಿಯದ ಹುಡುಗಿಯೊಬ್ಬಳು ದೊಡ್ಡವರ ಮೋಸಕ್ಕೆ ಸಿಕ್ಕಿಬಿದ್ದಳು ಎಂದು ಯಾರಿಗೂ ಅನ್ನಿಸಬಾರದು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಇಂದಿರಾನಗರದ ಅಡ್ಡರಸ್ತೆಯೊಂದರಲ್ಲಿ ಮನೆಯನ್ನೇ ಆಫೀಸು ಮಾಡಿಕೊಂಡಿದ್ದ ಸಣ್ಣ ಕಂಪನಿಯದು. ಹೊರದೇಶದ ಪ್ರಕಾಶಕರ ಪುಸ್ತಕಗಳಿಗೆ ಪುಟ ಜೋಡಿಸಿಕೊಡುವುದು ಅಲ್ಲಿನ ಕೆಲಸ. ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನನಗಾಗ ಇಪ್ಪತ್ತನಾಲ್ಕು. ಓದಿದ್ದು ಬಿ.ಕಾಂ. ಶಿವಾಜಿನಗರದ ಬಸ್ ನಿಲ್ದಾಣದ ಹತ್ತಿರ ಒಂದು ತರಬೇತಿ ಕೇಂದ್ರದಲ್ಲಿ ಆರು ತಿಂಗಳು ಕಲಿತಿದ್ದೆ. ಮಿಕ್ಕಿದ್ದೆಲ್ಲ ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ ಕಲಿತದ್ದು. ಭಾನುವಾರ ಗೆಳತಿಯರು ಬಟ್ಟೆ ನೋಡಲು ಕಮರ್ಷಿಯಲ್ ಸ್ಟ್ರೀಟಿಗೆ ಹೋದರೆ ನಾನು ಅವರನ್ನು ಅಲ್ಲೇ ಬಿಟ್ಟು ಹಿಂದಿನ ಓಣಿಯ ಒಂದು ಗೂಡಂಗಡಿಗೆ ಹೋಗುತ್ತಿದ್ದೆ. ಅಂಗಡಿಯವನು ಜೆರಾಕ್ಸ್ ಮಾಡಿದ ಪಟ್ಟಿ ಮುಂದಿಡುತ್ತಿದ್ದ. ನಾನು ಬೆರಳಿಟ್ಟು ತೋರಿಸಿದ್ದನ್ನು ಅವನು ಇನ್ನೆಲ್ಲಿಂದಲೋ ತಂದು, ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಆಟಗಳು, ಫಾಂಟ್ ಎನ್ನುವ ಅಕ್ಷರ ವಿನ್ಯಾಸಗಳು, ಚಿತ್ರ ತಿದ್ದುವ ಸಾಫ್ಟ್‌ವೇರ್, ಎಲ್ಲ ಸಿಗುತ್ತಿತ್ತು.

ಅದನ್ನು ಕದ್ದ ಮಾಲು ಎಂದು ನಾನು ಅಂದುಕೊಂಡಿರಲಿಲ್ಲ. ನಾವಿದ್ದದ್ದು ಜೋಗುಪಾಳ್ಯದ ಒಂದು ವಠಾರ. ನಮ್ಮ ಚಕ್ಕುಲಿ ಒರಳು ಆರು ಮನೆ ಸುತ್ತಿ ಬರುತ್ತಿತ್ತು. ಕೊಡುವುದಿಲ್ಲ ಎನ್ನುವವರನ್ನು ನಮ್ಮವ್ವ ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಒರಳನ್ನು ಕೊಟ್ಟರೆ ಅದು ವಾಪಸ್ಸು ಬರುವ ತನಕ ನಮ್ಮ ಮನೆಯಲ್ಲಿ ಚಕ್ಕುಲಿ ಇಲ್ಲ. ಸಾಫ್ಟ್‌ವೇರ್ ಹಾಗಲ್ಲ. ಕೊಟ್ಟ ಮೇಲೂ ನಮ್ಮಲ್ಲಿ ಉಳಿಯುವ ವಸ್ತುವನ್ನು ಕೊಡದೇ ಇರುವುದಕ್ಕಿಂತ ಜಿಪುಣತನ ಉಂಟೇ ಎಂದು ಸಿಕ್ಕವರ ಮುಂದೆಲ್ಲ ವಾದಿಸುತ್ತಿದ್ದೆ.

ಈ ವಾದಕ್ಕೆ ಸೋಲದವರು ಒಬ್ಬರೇ. ಆಫೀಸಿನಲ್ಲಿ ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಪುಲಿಕೇಶಿನಗರದವರು, ಐವತ್ತು ದಾಟಿತ್ತು. ಶಿವಾಜಿನಗರದ ಪ್ರೆಸ್ಸೊಂದರಲ್ಲಿ ಇಪ್ಪತ್ತು ವರ್ಷ ಅಚ್ಚಿನ ಸೀಸದ ಮೊಳೆ ಜೋಡಿಸಿ, ಪ್ರೆಸ್ ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತು ನಮ್ಮಲ್ಲಿಗೆ ಬಂದಿದ್ದರು. ಗಣಿತದ ಪುಸ್ತಕಗಳ ಪುಟಗಳನ್ನು ಅವರಷ್ಟು ಚೆನ್ನಾಗಿ ಜೋಡಿಸುವವರು ಆಫೀಸಿನಲ್ಲಿ ಇರಲಿಲ್ಲ. ಒಂದು ದಿನ ನನ್ನ ಚಕ್ಕುಲಿ ಒರಳಿನ ವಾದ ಕೇಳಿ ಅವರು ಹೇಳಿದರು:

"ಮೊದ್ಲು ಪಕ್ಕದ ಪ್ರೆಸ್‌ನೋರಿಗೆ ಮೊಳೆ ಕೊಟ್ರೆ ಅದನ್ನಿಡೋ ನಮ್ಮ ಕೇಸ್ ಖಾಲಿ ಆಗ್ತಿತ್ತು ಬೇಟಿ. ಅದಕ್ಕೇ ಯಾರಿಗೆ ಕೊಡ್ತಿದೀವಿ, ಯಾಕೆ ಕೊಡ್ತಿದೀವಿ ಅಂತ ಯೋಚ್ನೆ ಮಾಡ್ತಿದ್ವಿ. ನೀನು ಕೊಟ್ರೆ ನಿಂದು ಖಾಲಿ ಆಗಲ್ಲ. ಅದಕ್ಕೇ ನೀನು ಯೋಚ್ನೆ ಮಾಡಲ್ಲ."

ಆಗ ನಕ್ಕುಬಿಟ್ಟೆ.

ಚಾಚಾ ಅವರನ್ನು ನಾನು ಗೌರವಿಸಲು ಇನ್ನೊಂದು ಕಾರಣವಿತ್ತು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಊಟದ ಬಿಡುವು. ಹತ್ತು ನಿಮಿಷದಲ್ಲಿ ಡಬ್ಬಿ ಮುಗಿಸಿ ನಾವು ಎಂಟು ಹತ್ತು ಜನ ಅವರವರ ಕಂಪ್ಯೂಟರ್ ಮುಂದೆ ಕೂತುಬಿಡುತ್ತಿದ್ದೆವು. ಒಬ್ಬರನ್ನೊಬ್ಬರು ಹುಡುಕಿ ಗುಂಡು ಹೊಡೆಯುವ ಆಟವೊಂದನ್ನು ನಾನು ಎಲ್ಲ ಯಂತ್ರಗಳಿಗೂ ಹಾಕಿದ್ದೆ. ಒಬ್ಬರೇ ಕೂತು, ಗುಟ್ಟಿನ ಕೋಡ್ ಒತ್ತಿ ಸಾಯದ ಹಾಗೆ ಮಾಡಿಕೊಂಡು ಗೆಲ್ಲುವವರನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಆಟ ಎಂದರೆ ಎದುರಿಗೆ ಇನ್ನೊಬ್ಬರಿರಬೇಕು. ಮೀಟಿಂಗಿನಲ್ಲಿ ಮೆತ್ತಗಿರುವವರು ಅಲ್ಲಿ ನುಗ್ಗುತ್ತಿದ್ದರು. ಜೋರು ಮಾತಿನವರು ಗೋಡೆ ಸಂದಿ ಹುಡುಕುತ್ತಿದ್ದರು. ಚಾಚಾ ಮಾತ್ರ ಒಂದು ಮೂಲೆಯಲ್ಲಿ ಅಲುಗದೆ ನಿಂತು, ಓಡಿಬಂದವರನ್ನೆಲ್ಲ ಒಬ್ಬೊಬ್ಬರಾಗಿ ಉರುಳಿಸುತ್ತಿದ್ದರು. ಕಂಪನಿಯ ಯಜಮಾನರು ಬಾಗಿಲಲ್ಲಿ ನಿಂತು ನೋಡಿ ನಕ್ಕು ಹೋಗುತ್ತಿದ್ದರು.

ಒಂದು ಸೋಮವಾರ ಆ ಯಜಮಾನರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಮೇಜಿನ ಮೇಲೆ ಒಂದು ವಕೀಲರ ಪತ್ರವಿತ್ತು. ನಾವು ಬಳಸುತ್ತಿದ್ದ ಸಾಫ್ಟ್‌ವೇರ್ ಮಾಡುವ ಕಂಪನಿಯ ಪರವಾಗಿ ಬಂದದ್ದು. ಎಷ್ಟು ಕಂಪ್ಯೂಟರ್‌ಗಳಿವೆ, ಎಷ್ಟು ಲೈಸೆನ್ಸ್ ಕೊಂಡಿದ್ದೀರಿ, ಪಟ್ಟಿ ಮಾಡಿ, ಜವಾಬ್ದಾರಿಯುಳ್ಳವರು ಸಹಿ ಹಾಕಿಡಬೇಕು. ಗುರುವಾರ ಮಧ್ಯಾಹ್ನ ಮೂರಕ್ಕೆ ನಮ್ಮವರು ಬಂದು ತಾಳೆ ನೋಡುತ್ತಾರೆ ಎಂದಿತ್ತು. ತಪ್ಪು ಕಂಡರೆ ಪೊಲೀಸ್ ದೂರಿನ ಮಾತೂ ಇತ್ತು.

ನಮ್ಮಲ್ಲಿದ್ದದ್ದು ಒಂದೇ ಲೈಸೆನ್ಸ್. ಎರಡು ವರ್ಷದ ಹಿಂದೆ ಯಜಮಾನರು ಆ ಸಿ.ಡಿ. ತಂದು, ಹೇಗಾದರೂ ಮಾಡಿ ಎಲ್ಲ ಕಂಪ್ಯೂಟರ್‌ಗೂ ಬರುವ ಹಾಗೆ ಮಾಡಲು ಆಗುತ್ತದಾ ಎಂದು ಕೇಳಿದ್ದರು. ಆಗುತ್ತದೆ ಎಂದು ಹುಮ್ಮಸ್ಸಿನಿಂದ ಎರಡು ದಿನದಲ್ಲಿ ಮಾಡಿ ಮುಗಿಸಿದ್ದೆ. ಎಲ್ಲರ ಮುಂದೆ ನನ್ನನ್ನು ಹೊಗಳಿ ಮೈಸೂರು ಪಾಕ್ ತರಿಸಿದ್ದರು. ಅಕ್ಷರ ವಿನ್ಯಾಸಗಳನ್ನೂ ಆಟಗಳನ್ನೂ ಯಾರೂ ಕೇಳಿರಲಿಲ್ಲ. ಅವು ನಾನಾಗಿಯೇ ತಂದು ಹಾಕಿದವು.

ಯಜಮಾನರು ಉಪಾಯ ಯೋಚಿಸಿದ್ದರು. ಶುಕ್ರವಾರ ಒಂದು ದೊಡ್ಡ ಪುಸ್ತಕ ಮುಗಿಸಿ ಕಳಿಸಬೇಕಿತ್ತು, ಕೆಲಸ ನಿಲ್ಲುವಂತಿರಲಿಲ್ಲ. ಆದ್ದರಿಂದ ಗುರುವಾರ ಬೆಳಿಗ್ಗೆಯಿಂದ ಒಂದೊಂದೇ ಯಂತ್ರದಿಂದ ಎಲ್ಲವನ್ನೂ ಅಳಿಸುತ್ತ ಬರಬೇಕು, ಅವರು ಬಂದು ಹೋದ ಮೇಲೆ ಮತ್ತೆ ಹಾಕಬೇಕು. ಆಮೇಲೆ ಪತ್ರದ ಜೊತೆಗಿದ್ದ ಹಾಳೆಯನ್ನು ನನ್ನ ಕಡೆ ಸರಿಸಿದರು. ಆ ಸಾಫ್ಟ್‌ವೇರ್ ಇರುವುದು ಒಂದೇ ಕಂಪ್ಯೂಟರಿನಲ್ಲಿ ಎಂದು ಅದರಲ್ಲಿ ಆಗಲೇ ತುಂಬಿಸಿದ್ದರು.

"ನೋಡಮ್ಮ, ಸಿಸ್ಟಮ್ಸ್ ನೋಡ್ಕೊಳ್ಳೋದು ನೀನು. ಸಹಿ ನಿಂದೇ ಇರ್ಬೇಕು. ಸುಮ್ನೆ ಒಂದು ಫಾರ್ಮಾಲಿಟಿ."

ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಹಲಸೂರಿನಲ್ಲಿ ಬಸ್ಸಿಳಿದು ನಡೆಯುವಾಗ ಪರಿಚಯದವರು ಮಾತಾಡಿಸಿದ್ದೂ ಗೊತ್ತಾಗಲಿಲ್ಲ. ಪೊಲೀಸರು ವಠಾರದ ಬಾಗಿಲಿಗೆ ಬಂದ ಹಾಗೆ, ಆರೂ ಮನೆಯವರು ಹೊರಗೆ ನಿಂತು ನೋಡಿದ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು. ಅಪ್ಪ ರಾಯಚೂರು ಕಡೆಯವರು, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಬುಧವಾರ ಸಂಜೆ ಅವರ ಮುಂದೆ ಹಾಳೆ ಇಟ್ಟು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಸಹಿ ಅಂದ್ರ ಬರೇ ಮಸಿ ಅಲ್ಲವ್ವಾ. ಇದರಾಗ ಬರ್ದಿದ್ದು ಖರೇ ಇದ್ರ ಮಾಡು. ಸುಳ್ಳಿದ್ರ, ಯಾರ ಹೇಳಿದ್ರೂ ಮಾಡಬ್ಯಾಡ. ನೌಕರಿ ಇನ್ನೊಂದ ಸಿಗತದ."

ಹೇಳುವುದು ಸುಲಭ ಎಂದು ಅವರ ಮೇಲೆ ಸಿಟ್ಟೇ ಬಂತು. ಇಡೀ ತಪ್ಪು ಯಜಮಾನರದಾಗಿದ್ದರೆ ನಾನೂ ಧೈರ್ಯವಾಗಿ ಹಾಗೆ ಮಾಡುತ್ತಿದ್ದೆನೇನೋ. ಅರ್ಧ ತಪ್ಪು ನನ್ನದಾಗಿತ್ತು.

ಗುರುವಾರ ಎಂಟೂವರೆಗೆಲ್ಲ ಆಫೀಸಿನಲ್ಲಿದ್ದೆ. ಅಳಿಸುವುದು ಹಾಕುವುದಕ್ಕಿಂತ ನಿಧಾನದ ಕೆಲಸ. ಅಲ್ಲಲ್ಲಿ ಉಳಿದ ಕುರುಹುಗಳನ್ನು ಹುಡುಕಿ ತೆಗೆಯಬೇಕು. ಒಂದು ಯಂತ್ರಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು, ಈ ಲೆಕ್ಕದಲ್ಲಿ ಮೂರಕ್ಕೆ ಮುಗಿಯುವುದೇ ಅನುಮಾನವಾಗಿತ್ತು. ನಾಲ್ಕನೆಯದು ಮುಗಿಯುವ ಹೊತ್ತಿಗೆ, ಹತ್ತೂವರೆಗೆ, ಕಾಲಿಂಗ್ ಬೆಲ್ ಆಯಿತು. ಹತ್ತಿ ಸೀರೆಯುಟ್ಟ ವಕೀಲೆಯೊಬ್ಬರು, ಅವರ ಹಿಂದೆ ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದ ಒಬ್ಬ ಟೆಕ್ನೀಷಿಯನ್. ಮೂರು ಗಂಟೆಗೆಂದು ಬರೆದವರು ಬೆಳಿಗ್ಗೆಯೇ ಬಂದುಬಿಟ್ಟಿದ್ದರು.

ಯಜಮಾನರ ಮುಖ ಕಪ್ಪಿಟ್ಟಿತು. ಆದರೂ ನಗುತ್ತ ಅವರನ್ನು ತಮ್ಮ ಕೋಣೆಗೆ ಕರೆದೊಯ್ದು ಕಾಫಿ ಹೇಳಿದರು. ಬಾಗಿಲು ಮುಚ್ಚುವ ಮುಂಚೆ ನನ್ನನ್ನು ನೋಡಿ ಬೆರಳು ತಿರುಗಿಸಿದರು. ಬೇಗ ಬೇಗ ಮುಗಿಸು ಎಂದು ಅದರ ಅರ್ಥ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು, ಹದಿನಾಲ್ಕು ಯಂತ್ರ. ಹೊರಗಿನ ಹಾಲ್‌ನಲ್ಲಿ ಕೀಬೋರ್ಡಿನ ಸದ್ದು ನಿಂತುಹೋಗಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಐದನೆಯದು ಚಾಚಾ ಅವರ ಯಂತ್ರ. ಓಡಿಹೋಗಿ ಅವರ ಮೌಸ್‌ಗೆ ಕೈ ಹಾಕಿದೆ. ಅವಸರಕ್ಕೆ ಎರಡು ಸಲ ತಪ್ಪು ಕಡೆ ಒತ್ತಿದೆ. ಚಾಚಾ ಮೌಸನ್ನು ಮೆಲ್ಲಗೆ ಎಳೆದುಕೊಂಡರು.

"ಬಿಡು ಬೇಟಿ. ಆಟದಲ್ಲಿ ಓಡಾಡೋರೇ ಮೊದ್ಲು ಸಾಯೋದು, ನೋಡಿಲ್ವಾ? ಕೂತ್ಕೋ."

ಕೂತೆ. ಅವರು ತಮ್ಮ ನೀರಿನ ಬಾಟಲಿ ಕೊಟ್ಟರು. ನೀರು ಕುಡಿದು ಮುಗಿಸುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ವಕೀಲೆ ನನ್ನ ಹೆಸರು ಕೇಳಿದರು, ಎಷ್ಟು ವರ್ಷದಿಂದ ಇದ್ದೀರಿ ಎಂದರು. ಸಹಿ ಮಾಡಿದ ಹಾಳೆ ಎಲ್ಲಿ ಎಂದು ಕೇಳಿದಾಗ ಯಜಮಾನರೇ ಉತ್ತರಿಸಿದರು. ಎಲ್ಲವನ್ನೂ ನೋಡಿಕೊಳ್ಳುವವಳು ಇವಳೇ, ತಮಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ, ಸ್ಟಾಫು ತಮ್ಮ ಖುಷಿಗೆ ಹೊರಗಿನಿಂದ ಏನಾದರೂ ತಂದು ಹಾಕಿಕೊಂಡಿದ್ದರೆ ತಮಗೆ ತಿಳಿಯುವುದಾದರೂ ಹೇಗೆ ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಮೈಸೂರು ಪಾಕ್ ಹಂಚಿದ ದಿನ ನನ್ನ ಬೆನ್ನು ತಟ್ಟಿದವರು ಇವರೇನಾ ಎನ್ನಿಸಿತು.

ಹಾಳೆಯನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಸಹಿಯ ಜಾಗ ಖಾಲಿ ಇತ್ತು.

"ಇದ್ರಲ್ಲಿರೋದು ನಿಜ ಅಲ್ಲ ಮೇಡಂ. ನಾನು ಸಹಿ ಮಾಡಲ್ಲ."

ನಿಜ ಏನು ಎಂದು ಅವರು ಕೇಳಿದರು. ದನಿಯಲ್ಲಿ ಜೋರಿರಲಿಲ್ಲ. ಹೇಳಿದೆ. ಪುಟ ಜೋಡಿಸುವ ಸಾಫ್ಟ್‌ವೇರಿನ ಲೈಸೆನ್ಸ್ ಒಂದೇ, ಅದನ್ನು ಹದಿನೆಂಟಕ್ಕೂ ಹಾಕಿದವಳು ನಾನು, ಈ ಬೆಳಿಗ್ಗೆ ನಾಲ್ಕು ಯಂತ್ರಗಳಿಂದ ಅಳಿಸಿದವಳೂ ನಾನು. ಯಾರು ಹೇಳಿದ್ದು ಎಂದಾಗ ಯಜಮಾನರನ್ನು ತೋರಿಸಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಆಟ ಹಾಕು ಅಂತಾನೂ ನಾನೇ ಹೇಳಿದ್ನೇನಮ್ಮ?"

"ಇಲ್ಲ ಸಾರ್. ಆಟ, ಅಕ್ಷರ ಎಲ್ಲ ನಾನೇ ತಂದು ಹಾಕಿದ್ದು. ಇದೊಂದು ಮಾತ್ರ ನೀವು ಹೇಳಿದ್ದು."

ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಅವರು ಹೇಳುವಷ್ಟರಲ್ಲಿ ಬಾಗಿಲಲ್ಲಿ ಚಾಚಾ ನಿಂತಿದ್ದರು. ಯಾರೂ ಕರೆದಿರಲಿಲ್ಲ. ಒಳಗೆ ಬರಲು ವಕೀಲೆಯ ಅಪ್ಪಣೆ ಕೇಳಿ, ಕೈಕಟ್ಟಿ ನಿಂತು ಹೇಳಿದರು:

"ಆವತ್ತು ನಾನೂ ಇದ್ದೆ ಮೇಡಂ. ಸಾರ್ ಹೇಳಿದ್ರು, ಈ ಹುಡುಗಿ ಹಾಕಿದ್ಲು, ನಾವೆಲ್ಲ ಗೊತ್ತಿದ್ದೇ ಅದ್ರಲ್ಲಿ ಕೆಲ್ಸ ಮಾಡಿದ್ವಿ. ಬರ್ಕೊಳ್ಳೋದಾದ್ರೆ ನನ್ನ ಹೆಸ್ರೂ ಬರ್ಕೊಳ್ಳಿ."

ಯಜಮಾನರು ಮತ್ತೆ ಕೂತರು. ಆಮೇಲೆ ವಕೀಲೆ ಆ ಹಾಳೆಗೆ ಅಡ್ಡಗೆರೆ ಎಳೆದು, ಹೊಸ ಹಾಳೆಯಲ್ಲಿ ಬರೆಯತೊಡಗಿದರು. ಟೆಕ್ನೀಷಿಯನ್ ಒಂದೊಂದೇ ಯಂತ್ರದ ಮುಂದೆ ಕೂತು ಸಂಜೆಯವರೆಗೆ ಪಟ್ಟಿ ಮಾಡಿದ. ನಾನೇ ಪಕ್ಕದಲ್ಲಿ ನಿಂತು ಎಲ್ಲವನ್ನೂ ತೆರೆದು ತೋರಿಸಿದೆ. ಆವತ್ತು ಒಂದು ಗಂಟೆಗೆ ಯಾರೂ ಆಡಲಿಲ್ಲ.

ಪೊಲೀಸರು ಬರಲಿಲ್ಲ. ಬೇಕಾದಷ್ಟು ಲೈಸೆನ್ಸ್ ಕೊಂಡುಕೊಳ್ಳಲು ಮೂರು ವಾರ ಕೊಟ್ಟರು. ಯಜಮಾನರು ಎಂಟು ಕಂಪ್ಯೂಟರ್‌ಗಳನ್ನು ಮಾರಿ, ಉಳಿದ ಹತ್ತಕ್ಕೆ ಸಾಲುವಷ್ಟು ಲೈಸೆನ್ಸ್ ಕೊಂಡರು. ಚಾಚಾ ಅವರನ್ನು ತೆಗೆಯುವ ಧೈರ್ಯ ಅವರಿಗಿರಲಿಲ್ಲ. ಗಣಿತದ ಪುಟಗಳಿಗೆ ಬೇರೆ ಜನ ಸಿಗುವುದಿಲ್ಲ. ನನಗೂ ಹೋಗು ಎನ್ನಲಿಲ್ಲ. ಸರ್ವರ್ ಕೋಣೆಯ ಬೀಗದ ಕೈ ಮಾತ್ರ ತೆಗೆದುಕೊಂಡರು. ಕೆಲಸವಿಲ್ಲದೆ ಒಂದು ತಿಂಗಳು ಕೂತು, ರಾಜೀನಾಮೆ ಬರೆದುಕೊಟ್ಟೆ.

ಆ ತಿಂಗಳು ಯೋಚಿಸಲು ಬೇಕಾದಷ್ಟು ಬಿಡುವಿತ್ತು. ಹಂಚಿಕೊಳ್ಳುವುದು ಒಳ್ಳೆಯದು ಎಂಬ ನಂಬಿಕೆಯೇನೂ ಹೋಗಲಿಲ್ಲ. ಆದರೆ ನಾನು ಹಂಚಿದ್ದು ಯಾರಿಗೆ? ವಠಾರದ ಆರು ಮನೆಗಲ್ಲ, ಕೊಳ್ಳುವ ಶಕ್ತಿಯಿದ್ದೂ ಕೊಳ್ಳದ ಒಬ್ಬ ಮಾಲೀಕರಿಗೆ. ಅದೂ ಇನ್ನೊಬ್ಬರು ಕೂತು ಬರೆದ ಸಾಫ್ಟ್‌ವೇರನ್ನು, ಅವರನ್ನು ಕೇಳದೆ. ಹೊಗಳಿಕೆ ಬೇಕಿತ್ತು, ಅದಕ್ಕೆ ಕೊಟ್ಟೆ. ಇಷ್ಟನ್ನು ನನಗೆ ನಾನೇ ಒಪ್ಪಿಕೊಳ್ಳುವುದು ವಕೀಲೆಯ ಮುಂದೆ ಒಪ್ಪಿಕೊಂಡದ್ದಕ್ಕಿಂತ ಕಷ್ಟವಾಯಿತು.

ಆಮೇಲೆ ಕೆ.ಆರ್. ಪುರದ ಒಂದು ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ ಸಿಕ್ಕಿತು. ಅಲ್ಲಿ ಹಟ ಹಿಡಿದು, ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದು ಎಂದು ಬರೆದವರೇ ಒಪ್ಪಿ ಬಿಟ್ಟುಕೊಟ್ಟ ಸಾಫ್ಟ್‌ವೇರನ್ನೇ ಹಾಕಿದೆ. ಅದು ಮೊದಮೊದಲು ಬಹಳ ಕಾಡಿಸಿತು. ಪ್ರಿಂಟರ್ ಅದರ ಮಾತು ಕೇಳುತ್ತಿರಲಿಲ್ಲ. ಕನ್ನಡದ ಒತ್ತಕ್ಷರಗಳು ಪರದೆಯ ಮೇಲೆ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಬೇರೆ ಕಡೆ ಎಲ್ಲರೂ ಬಳಸುವುದನ್ನು ಕಲಿಸದೆ ಇದೇನು ಎಂದು ಕೇಂದ್ರದವರು ಗೊಣಗಿದರು. ಆದರೂ ಬಿಡಲಿಲ್ಲ.

ನನ್ನ ತರಗತಿಗೆ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಬರುತ್ತಿದ್ದರು. ಗ್ರಾಹಕರ ಅಳತೆಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದನ್ನು ಕಲಿಯಬೇಕೆಂದು ಬಂದವರು. ಒಂದು ದಿನ ಎಲ್ಲರೂ ಹೋಗುವ ತನಕ ಕಾದು, ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

"ಮೇಡಂ, ಇದ್ರದ್ದು ಒಂದು ಕಾಪಿ ನಮ್ಮನೆಗೆ ಸಿಗುತ್ತಾ? ಯಾರಿಗೂ ಹೇಳಲ್ಲ."

ಹೇಳಿದರೂ ಪರವಾಗಿಲ್ಲ, ನಾಲ್ಕು ಜನಕ್ಕೆ ನೀವೇ ಕೊಡಿ ಎಂದು ಅವರ ಮುಂದೆಯೇ ಒಂದು ಸಿ.ಡಿ. ಬರೆದುಕೊಟ್ಟೆ. ಮಾರನೆಯ ದಿನ ಅವರು ಅದನ್ನು ವಾಪಸ್ಸು ತಂದರು. ಅವರ ಕಂಪ್ಯೂಟರಿನ ಸಿ.ಡಿ. ಡ್ರೈವ್ ಕೆಟ್ಟುಹೋಗಿತ್ತಂತೆ. ಭಾನುವಾರ ನಾನೇ ಅದೇ ಸಿ.ಡಿ.ಯನ್ನೂ ಅದನ್ನು ಓದುವ ಒಂದು ಡ್ರೈವನ್ನೂ ಬ್ಯಾಗಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ.