ಸವಣೂರು ಸ್ಟೇಶನ್ನಿನ ಟಿಕೆಟ್ ಕಿಟಕಿ

ಹುಬ್ಬಳ್ಳಿಯ ಗಾಡಿಯಲ್ಲಿ ಕುಳಿತು ಇದನ್ನು ಗೀಚುತ್ತಿದ್ದೇನೆ. ಸವಣೂರು ಸ್ಟೇಶನ್ನಿನ ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ದುಂಡಸಿಯ ಗೌರವ್ವ ನಿಂತಿದ್ದಳು. ಬ್ರಿಟಿಷರಿಗೆ ‘ಚಲೇಜಾವ್’, ತೊಲಗಿರಿ, ಎಂದು ಕೂಗಿದ್ದಕ್ಕೆ ಅವಳ ಮಗನನ್ನು ಪುಣೆಯ ಜೈಲಿಗೆ ಹಾಕಿದ್ದರು.

“ಪುಣೆ ಎಷ್ಟ ದೂರರೀ? ಗಾಡಿ ಯಾವಾಗ? ಟಿಕೀಟಿಗೆ ಎಷ್ಟ?” ಎಂದು ಕೇಳಿದಳು.

ಅಲ್ಲೇನು ಕೆಲಸ ಎಂದ ಕ್ಲಾರ್ಕ್, ಜೈಲಿನ ಮಾತು ಕಿವಿಗೆ ಬಿದ್ದೊಡನೆ ವೇಳಾಪಟ್ಟಿಯನ್ನು ಮುಚ್ಚಿಟ್ಟ. “ಹಳಿ ಕೀಳೋ ಮಂದಿಗೆ ಗಾಡಿ ಟೈಮ್ ಹೇಳಂಗಿಲ್ಲ. ಸರಿ ಆ ಕಡೆ!”

ಗೌರವ್ವ ಕಿಟಕಿಯ ಸರಳು ಹಿಡಿದಳು. “ನನ್ನ ಮಗ ಕೂಗ್ಯಾನ, ಹಳಿ ಮುಟ್ಟಿಲ್ಲ. ನೀವು ಹೇಳೂತನಕ ನಾ ಸರಿಯಂಗಿಲ್ರಿ.”

ಕ್ಲಾರ್ಕ್ ಅವಳನ್ನು ಬಿಟ್ಟು ನನ್ನತ್ತ ಕೈಚಾಚಿದ. ನಾನು ದುಡ್ಡು ಕೊಡಲಿಲ್ಲ. ನನ್ನ ಹಿಂದಿದ್ದ ಮೆಣಸಿನಕಾಯಿ ವ್ಯಾಪಾರಿ, “ಮೊದಲ ಆ ಅವ್ವಗ ಹೇಳ್ರಿ. ಅಲ್ಲೀತನಕ ನಮಗೂ ಟಿಕೀಟ್ ಬ್ಯಾಡ” ಎಂದು ಗಟ್ಟಿಯಾಗಿ ಹೇಳಿದ. ಸಾಲಿನಲ್ಲಿ ಒಬ್ಬರೂ ಕದಲಲಿಲ್ಲ.

ದೂರದಲ್ಲಿ ಗಾಡಿ ಸೀಟಿ ಹಾಕಿತು. ಕ್ಲಾರ್ಕ್ ಬೆವರೊರೆಸಿಕೊಂಡು ಪಟ್ಟಿ ಬಿಚ್ಚಿದ. ಎಲ್ಲಿ ಗಾಡಿ ಬದಲಿಸಬೇಕು, ಎಷ್ಟು ಮೈಲು, ಎಷ್ಟು ದರ, ಎಲ್ಲವನ್ನೂ ನಮಗೆಲ್ಲ ಕೇಳಿಸುವಂತೆ ಓದಿದ. ಅವಳ ದುಡ್ಡು ಎಣಿಸಿಕೊಂಡು ಟಿಕೆಟನ್ನೂ ಕೊಟ್ಟ.

ಗೌರವ್ವ ಆಗಲೂ ಸರಳು ಬಿಡಲಿಲ್ಲ.

“ಈಗ ತಿರುಗಿ ಬರೂದ ಹೇಳ್ರಿ. ಬರೂವಾಗ ನಾವು ಇಬ್ಬರ ಇರತೇವಿ.”