ಎಣ್ಣೆ ಬಟ್ಟೆಯ ದರ

ಜಿಗಣಿಯಲ್ಲಿ ನಾನು ಲಾಂಡ್ರಿ ತೆರೆದಾಗ ಎಲ್ಲ ಮಷಿನ್ನಿಗೂ ಒಂದೇ ದರ ಇಟ್ಟಿದ್ದೆ. ಗಿರಾಕಿಗಳು ತಾವೇ ಬಟ್ಟೆ ಹಾಕಿ ಒಗೆದುಕೊಂಡು ಹೋಗುತ್ತಿದ್ದರು. ತೊಂದರೆ ಶುರುವಾದದ್ದು ಲೇಥ್ ಕೆಲಸಗಾರರ ಯೂನಿಫಾರ್ಮ್‌ಗಳಿಂದ. ಅವುಗಳ ಎಣ್ಣೆ ಮಷಿನ್ನಿನೊಳಗೆ ಅಂಟಿಕೊಂಡು, ಮುಂದೆ ಒಗೆಯುವವರ ಬಿಳಿ ಅಂಗಿಗೆ ಮೆತ್ತುತ್ತಿತ್ತು. ಬೈಸಿಕೊಂಡು ಸಾಕಾಗಿ, ಮೂಲೆಯ ಮಷಿನ್ನನ್ನು ಎಣ್ಣೆ ಬಟ್ಟೆಗೆಂದೇ ಬಿಟ್ಟೆ. ಅದಕ್ಕೆ ಸೋಪು, ಬಿಸಿನೀರು ಜಾಸ್ತಿ ಬೇಕು. ಇಪ್ಪತ್ತು ರೂಪಾಯಿ ಏರಿಸಿ ಬೋರ್ಡು ಹಾಕಿದೆ.

ವಿಜಯಪುರದ ಕಡೆಯ ಕೆಲಸಗಾರನೊಬ್ಬ ಬೋರ್ಡು ಓದಿ ನನ್ನತ್ತ ತಿರುಗಿದ. “ಅಕ್ಕಾರ, ಎಣ್ಣಿ ಕಂಪನೀದು. ದಂಡ ನಮಗ್ಯಾಕ್ರಿ?”

ನನಗೆ ಮೈಯೆಲ್ಲ ಉರಿಯಿತು, ಏಕೆಂದರೆ ಅವನ ಮಾತು ಸರಿಯಿತ್ತು. ದರ ಇಳಿಸಿದರೆ ನನಗೆ ಗಿಟ್ಟುವುದಿಲ್ಲ. ಮರುದಿನ ಬೋರ್ಡನ್ನೇ ಕಿತ್ತುಕೊಂಡು ಅವನ ಕಂಪನಿಯ ಮಾಲೀಕರೆದುರು ಹೋಗಿ ನಿಂತೆ. ಏರಿಸಿದ ದರವನ್ನು ನೀವೇ ಕೊಡಬೇಕು ಎಂದೆ.

ಅವರು ನಕ್ಕರು. “ಕೊಟ್ಮೇಲೆ ಬಟ್ಟೆ ಅವರದು ಮೇಡಂ. ನಮಗೇನು ಸಂಬಂಧ?”

ಬಾಗಿಲ ಬಳಿ ನೇತಾಡುತ್ತಿದ್ದ ಯೂನಿಫಾರ್ಮೊಂದನ್ನು ತಂದು ಅವರ ಮೇಜಿನ ಮೇಲೆ ಹಾಸಿದೆ. ಕೆಳಗಿದ್ದ ಬಿಲ್ಲುಗಳಿಗೆಲ್ಲ ಎಣ್ಣೆ ಹತ್ತಿತು.

“ಹಂಗಾದ್ರೆ ಜೇಬಿನ ಮೇಲೆ ನಿಮ್ಮ ಕಂಪನಿ ಹೆಸರು ಯಾಕಿದೆ ಸಾರ್? ಅದನ್ನ ಬಿಚ್ಚಿಸಿಬಿಡಿ, ನಾನು ಹೊರಡ್ತೀನಿ.”

ಮೊದಲು ಬಟ್ಟೆ ತೆಗೆಯಿರಿ ಎಂದು ಅವರು ಗದರಿದರು. ನಾನು ಕುರ್ಚಿ ಎಳೆದುಕೊಂಡು ಕೂತೆ.

ಹೆಸರು ಈಗಲೂ ಜೇಬಿನ ಮೇಲಿದೆ. ಇಪ್ಪತ್ತು ರೂಪಾಯಿ ಅವರ ಆಫೀಸಿನಿಂದಲೇ ಬರುತ್ತದೆ.